ನಮ್ಮ ನಂತರ ಮಗನ ಗತಿಯೇನು: ಮನೆಯನ್ನು ಸಂಸ್ಥೆಗೆ ಬರೆದುಕೊಡುವ ಮುನ್ನ

ಪ್ರಶ್ನೆ: ನಾನು ನಿವೃತ್ತ ಸರ್ಕಾರಿ ಪ್ರೌಢಶಾಲಾ ಶಿಕ್ಷಕ, ವಯಸ್ಸು 67. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ವಾಸವಾಗಿದ್ದೇವೆ. ಪತ್ನಿಗೆ 62 ವರ್ಷ, ಎರಡೂ ಮಂಡಿ ಸವೆದಿವೆ. ಮಗನಿಗೆ 34 ವರ್ಷ, ಹುಟ್ಟಿನಿಂದಲೇ ಬೌದ್ಧಿಕ ಅಂಗವೈಕಲ್ಯ ತರುವ ಡೌನ್ ಸಿಂಡ್ರೋಮ್ ಇದೆ. ಸ್ನಾನ, ಊಟ, ಬಟ್ಟೆ ತಾನೇ ನೋಡಿಕೊಳ್ಳುತ್ತಾನೆ, ಬೆಳಿಗ್ಗೆ ಡೈರಿಗೆ ಹೋಗಿ ಹಾಲು ತರುತ್ತಾನೆ. ಆದರೆ ಹಣದ ಲೆಕ್ಕ ತಿಳಿಯದು, ಹೊಸಬರು ಏನು ಹೇಳಿದರೂ ಹೂಂ ಎನ್ನುತ್ತಾನೆ. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಅವಳಿಗೂ ಸಂಸಾರವಿದೆ. ನೆರೆಯ ಜಿಲ್ಲೆಯ ಒಂದು ಸೇವಾ ಸಂಸ್ಥೆಯವರು ಮಗನನ್ನು ಜೀವಮಾನವಿಡೀ ನೋಡಿಕೊಳ್ಳುವುದಾಗಿ ಹೇಳುತ್ತಿದ್ದಾರೆ. ಅದಕ್ಕಾಗಿ ನನ್ನ ಸ್ವಯಾರ್ಜಿತ ಮನೆಯನ್ನು ಸಂಸ್ಥೆಗೆ ದಾನಪತ್ರ ಮಾಡಿ, 10 ಲಕ್ಷ ರೂಪಾಯಿಯನ್ನು ಶಾಶ್ವತ ನಿಧಿಗೆ ಕೊಡಬೇಕು. ಆದಾಯ ತೆರಿಗೆ ರಿಯಾಯಿತಿಗೆ 80ಜಿ ರಸೀದಿ ಕೊಡುತ್ತಾರಂತೆ. ಮಾರ್ಚ್ ಅಂತ್ಯದೊಳಗೆ ನೋಂದಣಿಯಾಗದಿದ್ದರೆ ಜಾಗ ಬೇರೆಯವರಿಗೆ ಹೋಗುತ್ತದೆ ಎನ್ನುತ್ತಾರೆ. ಇಂಥ ಮಗನ ಹೆಸರಿಗೆ ಆಸ್ತಿ ಬರೆಯಲು ಕಾನೂನಿನಲ್ಲಿ ಅವಕಾಶವೇ ಇಲ್ಲ, ಆದ್ದರಿಂದ ಸಂಸ್ಥೆಗೆ ಕೊಡುವುದೇ ಲೇಸು ಎಂದು ನನ್ನ ತಮ್ಮ ಹೇಳುತ್ತಾನೆ. ಪತ್ನಿ ಮಾತ್ರ ಮಗನನ್ನು ಎಲ್ಲಿಗೂ ಕಳುಹಿಸುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಪಿತ್ರಾರ್ಜಿತವಾಗಿ ಬಂದ ಒಂದೂವರೆ ಎಕರೆ ಅಡಿಕೆ ತೋಟವೂ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಆತಂಕ ಎರಡು ಬಗೆಯದು. ನಿಮ್ಮಿಬ್ಬರ ಕಾಲಾನಂತರ ಮಗ ಯಾರ ಮನೆಯ ಅನ್ನ ಉಣ್ಣಬೇಕು ಎಂಬುದು ಮೊದಲನೆಯದು. ಬದುಕಿಡೀ ದುಡಿದು ಕಟ್ಟಿದ ಮನೆ ಅವನ ಅನ್ನಕ್ಕೆ ನಿಜವಾಗಿಯೂ ಆಧಾರವಾಗುತ್ತದೆಯೇ ಎಂಬುದು ಎರಡನೆಯದು. ಸಂಸ್ಥೆಯವರು ಮುಂದಿಟ್ಟಿರುವ ಕಾಗದ ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಆ ಗಂಟು ಹಾಕಬೇಡಿ. ಮಗ ಎಲ್ಲಿ ವಾಸಿಸುತ್ತಾನೆ, ಅವನ ಹಣ ಯಾರ ಕೈಯಲ್ಲಿರುತ್ತದೆ, ಅವನ ಪರವಾಗಿ ಯಾರು ಸಹಿ ಹಾಕುತ್ತಾರೆ ಎಂಬ ಮೂರೂ ಬೇರೆ ಬೇರೆ ಕೈಗಳಲ್ಲಿರಬೇಕು, ಒಂದು ಕೈ ತಪ್ಪಿದಾಗ ಇನ್ನೆರಡು ಅದನ್ನು ತಡೆಯುವಂತಿರಬೇಕು. ಬೌದ್ಧಿಕ ಅಂಗವೈಕಲ್ಯವಿರುವವರ ಕುಟುಂಬಗಳ ಜೊತೆ ಇಪ್ಪತ್ತೈದು ವರ್ಷ ಸಮಾಜ ಕಾರ್ಯಕರ್ತನಾಗಿ ದುಡಿದು, ಅದರಲ್ಲಿ ಕೆಲವು ವರ್ಷ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಯಲ್ಲಿ ಕುಳಿತು ಪಾಲಕತ್ವದ ಅರ್ಜಿಗಳನ್ನು ನೋಡಿದ ಮೇಲೆ ನನಗೆ ಗಟ್ಟಿಯಾದ ನಂಬಿಕೆ ಇದೊಂದೇ.

ಸೇವಾ ಸಂಸ್ಥೆಗಳ ಮೇಲೆ ಅನುಮಾನ ಹುಟ್ಟಿಸುವುದು ನನ್ನ ಉದ್ದೇಶವಲ್ಲ ಎಂಬುದನ್ನೂ ಹೇಳಬೇಕು. ಈ ಕ್ಷೇತ್ರದಲ್ಲಿ ಸರ್ಕಾರ ಕಣ್ಣು ತೆರೆಯುವ ಮೊದಲೇ ಕೆಲಸ ಮಾಡಿದವರು ಅವರೇ. ಬೆಂಗಳೂರಿನಲ್ಲಿ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ 1959ರಲ್ಲಿ, ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರಲ್ಲಿ ಆರಂಭವಾದವು. ಅಂಗವಿಕಲರ ಹಕ್ಕುಗಳ ಬಗ್ಗೆ ದೇಶದಲ್ಲಿ ಮೊದಲ ಸಮಗ್ರ ಕಾಯ್ದೆ ಬಂದದ್ದು 1995ರಲ್ಲಿ. ಬೌದ್ಧಿಕ ಅಂಗವೈಕಲ್ಯವಿರುವವರ ತಂದೆತಾಯಂದಿರ ಸಂಘಗಳು ಸೇರಿ ಕಟ್ಟಿಕೊಂಡ 'ಪರಿವಾರ್' ಎಂಬ ರಾಷ್ಟ್ರೀಯ ಒಕ್ಕೂಟವೂ ಇದೆ. ನಿಮಗೆ ಆಹ್ವಾನ ಕೊಟ್ಟ ಸಂಸ್ಥೆಯವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಒಳ್ಳೆಯ ಮನಸ್ಸಿನವರು ಮಾಡಿದ ವಾಗ್ದಾನವೂ ಮುರಿದುಬೀಳಬಹುದು, ಅದು ಏಕೆ ಎಂಬುದನ್ನು ಮುಂದೆ ವಿವರಿಸುತ್ತೇನೆ.

ಮೊದಲು ನಿಮ್ಮ ತಮ್ಮನವರ ಮಾತು. ಅದು ತಪ್ಪು. ದೈಹಿಕ ಅಥವಾ ಮಾನಸಿಕ ನ್ಯೂನತೆಯ ಕಾರಣದಿಂದ ಯಾರೂ ಉತ್ತರಾಧಿಕಾರ ಕಳೆದುಕೊಳ್ಳುವುದಿಲ್ಲ ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೆಯ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಆಸ್ತಿ ಹೊಂದುವ ಮತ್ತು ಉತ್ತರಾಧಿಕಾರವಾಗಿ ಪಡೆಯುವ ಹಕ್ಕು ಅಂಗವಿಕಲರಿಗೂ ಇತರರಷ್ಟೇ ಇದೆ ಎಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯೂ ಹೇಳುತ್ತದೆ. ನಿಮ್ಮ ಅಡಿಕೆ ತೋಟ ಪಿತ್ರಾರ್ಜಿತವಾದ್ದರಿಂದ ಅದರಲ್ಲಿ ನಿಮ್ಮ ಮಗನಿಗೂ ಮಗಳಿಗೂ ಹುಟ್ಟಿನಿಂದಲೇ ಪಾಲಿದೆ. ಅದನ್ನು ನೀವೊಬ್ಬರೇ ಯಾರಿಗೂ ದಾನ ಮಾಡುವಂತಿಲ್ಲ. ಮಗನ ಹೆಸರಿನಲ್ಲಿ ಆಸ್ತಿ ಇರಬಹುದು ಎಂಬುದರಲ್ಲಿ ಸಂಶಯವಿಲ್ಲ. ಆ ಆಸ್ತಿಯನ್ನು ಅವನಿಗಾಗಿ ನಿಭಾಯಿಸುವವರು ಯಾರು, ಯಾರದೋ ಮಾತಿಗೆ ಹೂಂ ಎಂದು ಅವನು ಹೆಬ್ಬೆಟ್ಟು ಒತ್ತದಂತೆ ನೋಡಿಕೊಳ್ಳುವುದು ಹೇಗೆ ಎಂಬುದು ಮಾತ್ರ ಯೋಚಿಸಬೇಕಾದ ವಿಷಯ.

ಎರಡನೆಯ ತಪ್ಪು ತಿಳಿವಳಿಕೆ ನಿಮ್ಮ ಪತ್ರದಲ್ಲಿ ನೇರವಾಗಿ ಇಲ್ಲ, ಆದರೆ ಸಾಲುಗಳ ನಡುವೆ ಕಾಣುತ್ತದೆ. ತಂದೆಯಾದ ನಾನು ಹೇಗೂ ಅವನ ಪಾಲಕ, ನನ್ನ ನಂತರ ಮಗಳು ಪಾಲಕಿ ಎಂದು ಹೆಚ್ಚಿನ ಕುಟುಂಬಗಳು ನಂಬಿಕೊಂಡಿರುತ್ತವೆ. ಕಾನೂನು ಹಾಗೆ ಹೇಳುವುದಿಲ್ಲ. ಮಗನಿಗೆ 18 ತುಂಬಿದ ದಿನವೇ ನಿಮ್ಮ ಸಹಜ ಪಾಲಕತ್ವ ಮುಗಿಯಿತು. ಕಳೆದ 16 ವರ್ಷಗಳಿಂದ ಕಾನೂನಿನ ಕಣ್ಣಿನಲ್ಲಿ ಅವನು ಸ್ವತಂತ್ರ ವಯಸ್ಕ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇದ್ದರೂ ಅದು ಅಂಗವೈಕಲ್ಯಕ್ಕೆ ಪ್ರಮಾಣ, ಪಾಲಕತ್ವಕ್ಕಲ್ಲ. ಅಕ್ಕನಾಗಲಿ ಚಿಕ್ಕಪ್ಪನಾಗಲಿ ರಕ್ತಸಂಬಂಧದ ಬಲದಿಂದಲೇ ಪಾಲಕರಾಗುವುದಿಲ್ಲ. ಇದಕ್ಕೆಂದೇ 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯ್ದೆ ಬಂದಿದೆ. ಜನ ಅದನ್ನು ನ್ಯಾಷನಲ್ ಟ್ರಸ್ಟ್ ಕಾಯ್ದೆ ಎಂದೇ ಕರೆಯುತ್ತಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಇದು ಅನ್ವಯಿಸುತ್ತದೆ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ ಮತ್ತು ಒಬ್ಬ ಅಂಗವಿಕಲ ವ್ಯಕ್ತಿ ಇರುವ ಸ್ಥಳೀಯ ಮಟ್ಟದ ಸಮಿತಿ ಪ್ರತಿ ಜಿಲ್ಲೆಯಲ್ಲೂ ಇರಬೇಕು. ಕಾನೂನುಬದ್ಧ ಪಾಲಕರನ್ನು ನೇಮಿಸುವುದು ಆ ಸಮಿತಿ. ಇದಕ್ಕೆ ವಕೀಲರು ಬೇಕಾಗಿಲ್ಲ. ಅರ್ಜಿ ಎಲ್ಲಿ ಕೊಡಬೇಕೆಂಬುದನ್ನು ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ.

ಈ ಕಾಯ್ದೆಯ ಎರಡು ವಿಚಾರಗಳು ನಿಮಗೆ ಮುಖ್ಯ. ಪಾಲಕರು ಬೇಕೇ, ಬೇಕಾದರೆ ಯಾವ ಉದ್ದೇಶಕ್ಕೆ ಎಂಬುದನ್ನು ಸಮಿತಿ ಪರಿಶೀಲಿಸಬೇಕು. ವ್ಯಕ್ತಿಯ ಆರೈಕೆಗೆ ಮಾತ್ರ, ಆಸ್ತಿಗೆ ಮಾತ್ರ ಅಥವಾ ಎರಡಕ್ಕೂ ಪಾಲಕತ್ವ ಕೊಡಬಹುದು. ಹಾಗೆಯೇ ಆಸ್ತಿಯ ಹೊಣೆ ಹೊತ್ತ ಪಾಲಕರು ನೇಮಕವಾದ ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕವನ್ನೂ ಒಪ್ಪಿಸಬೇಕು. ನಿರ್ಲಕ್ಷ್ಯ ಮಾಡಿದರೆ ಅಥವಾ ಆಸ್ತಿ ದುರುಪಯೋಗ ಮಾಡಿದರೆ ಅವರನ್ನು ತೆಗೆಯಬಹುದು. ನಿಮ್ಮ ತಮ್ಮನವರು ಸೂಚಿಸಿದ ದಾನಪತ್ರದಲ್ಲಿ ಇಂಥ ಯಾವ ಲಗಾಮೂ ಇರುವುದಿಲ್ಲ.

ಈಗ ಆ ದಾನಪತ್ರದ ವಿಷಯಕ್ಕೆ ಬರುತ್ತೇನೆ. ದಾನ ಎಂದರೆ ಪ್ರತಿಫಲವಿಲ್ಲದೆ ಕೊಡುವುದು. 80ಜಿ ರಸೀದಿಗೂ ಅದೇ ಅರ್ಥ: ನಾನು ಏನನ್ನೂ ಬಯಸದೆ ಕೊಟ್ಟೆ ಎಂದು ನೀವು, ಏನನ್ನೂ ಒಪ್ಪಿಕೊಳ್ಳದೆ ಪಡೆದೆ ಎಂದು ಅವರು. ಆದ್ದರಿಂದ ಮಗನ ಜೀವಮಾನದ ಆರೈಕೆಗೆ ಪ್ರತಿಯಾಗಿ ಮನೆ ಮತ್ತು ಹಣ ಕೊಟ್ಟೆ ಎಂದು ನಾಳೆ ಯಾರಾದರೂ ವಾದಿಸಹೊರಟರೆ, ನಿಮ್ಮ ಕೈಯಲ್ಲಿರುವ ಕಾಗದವೇ ನಿಮ್ಮ ವಾದಕ್ಕೆ ಅಡ್ಡ ನಿಲ್ಲುತ್ತದೆ. ಆರೈಕೆಗೆ ಕೊಡುವ ಹಣ ಶುಲ್ಕ. ಅದಕ್ಕೆ ಒಪ್ಪಂದ ಬೇಕು, ಸೇವೆಯ ವಿವರ ಬೇಕು, ಸೇವೆ ನಿಂತರೆ ಹಣ ಹಿಂದಿರುಗುವ ಷರತ್ತು ಬೇಕು. ಒಂದೇ ಹಣ ದಾನವೂ ಶುಲ್ಕವೂ ಆಗಲಾರದು. ಇನ್ನು, ದಾನಪತ್ರ ನೋಂದಣಿಯಾಗಿ ಸ್ವೀಕಾರವಾದ ಮೇಲೆ ನಿಮಗೆ ಮನಸ್ಸು ಬದಲಾಯಿತೆಂದು ಅದನ್ನು ರದ್ದು ಮಾಡಲು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಬಿಡುವುದಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ದಾನಪತ್ರ ರದ್ದಾದ ಉದಾಹರಣೆಗಳನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಆ ರಕ್ಷಣೆ ಇರುವುದು ಆಸ್ತಿ ಕೊಟ್ಟ ಹಿರಿಯರ ಸ್ವಂತ ಪೋಷಣೆಯ ಷರತ್ತಿಗೆ. ನಿಮ್ಮ ಮಗನ ಪೋಷಣೆ ತಪ್ಪಿದರೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

80ಜಿ ಬಗ್ಗೆ ಇನ್ನೊಂದು ಮಾತು. ಅದನ್ನು ಅನೇಕರು ಸರ್ಕಾರದ ಗುಣಮಟ್ಟದ ಮುದ್ರೆ ಎಂದು ತಿಳಿಯುತ್ತಾರೆ. ಅದು ದಾನಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಟ್ರಸ್ಟ್ ಅಥವಾ ಸೊಸೈಟಿ ಎಂದು ನೋಂದಣಿಯಾಗಿದೆ ಎಂದರೆ ಆ ಸಂಸ್ಥೆ ಅಸ್ತಿತ್ವದಲ್ಲಿದೆ ಎಂದಷ್ಟೇ ಅರ್ಥ. ಅಂಗವಿಕಲರನ್ನು ಇಟ್ಟುಕೊಂಡು ನೋಡಿಕೊಳ್ಳುವ ಸಂಸ್ಥೆಗೆ 2016ರ ಕಾಯ್ದೆಯಡಿ ಪ್ರತ್ಯೇಕ ನೋಂದಣಿ ಪ್ರಮಾಣಪತ್ರ ಇರಲೇಬೇಕು. ನೀವು ಕೇಳಬೇಕಾದ ಕಾಗದ ಅದು. ಜೊತೆಗೆ 1999ರ ಕಾಯ್ದೆಯಡಿ ಸ್ಥಾಪನೆಯಾದ ನ್ಯಾಷನಲ್ ಟ್ರಸ್ಟ್ ಎಂಬ ಕೇಂದ್ರ ಸರ್ಕಾರಿ ಸಂಸ್ಥೆಯಲ್ಲಿ ನೋಂದಣಿ ಇದ್ದರೆ ಇನ್ನೂ ಒಳ್ಳೆಯದು. ಪ್ರಮಾಣಪತ್ರದ ಪ್ರತಿ ಕೇಳಿದಾಗ ಮುಖ ಗಂಟಿಕ್ಕುವ ಸಂಸ್ಥೆಯಿಂದ ಅಲ್ಲಿಯೇ ಹಿಂದಿರುಗಿ ಬನ್ನಿ.

ಹಾಗಾದರೆ ಸಂಸ್ಥೆಗಳು ಮನೆ ಮತ್ತು ದೊಡ್ಡ ಮೊತ್ತವನ್ನು ಏಕೆ ಕೇಳುತ್ತವೆ? ಇದನ್ನು ತಿಳಿದುಕೊಂಡರೆ ಅಪಾಯ ಎಲ್ಲಿದೆ ಎಂಬುದೂ ತಿಳಿಯುತ್ತದೆ. ವಸತಿ ಆರೈಕೆಯಲ್ಲಿ ಬಹುಪಾಲು ಖರ್ಚು ಸಂಬಳದ್ದು. ರಾತ್ರಿ ಎದ್ದು ಹಾಸಿಗೆ ಬದಲಿಸುವ ಆಯಾ, ಅಡುಗೆಯವರು, ವಿಶೇಷ ಶಿಕ್ಷಕರು, ವಾರಕ್ಕೊಮ್ಮೆ ಬರುವ ಫಿಸಿಯೋಥೆರಪಿಸ್ಟ್, ಇವರಿಗೆಲ್ಲ ತಿಂಗಳು ತಿಂಗಳೂ ಕೊಡಬೇಕು. ಆದರೆ ದಾನಿಗಳು ಕೊಡುವುದು ಕಟ್ಟಡ, ವ್ಯಾನು, ಹಬ್ಬದ ದಿನದ ಸಿಹಿಯೂಟ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಮೂರು ನಾಲ್ಕು ವರ್ಷಗಳ ಯೋಜನೆಗಳಿಗೆ ಬರುತ್ತದೆ, ಯೋಜನೆ ಮುಗಿದ ಮೇಲೆ ಆಯಾಳ ಸಂಬಳ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಸರ್ಕಾರದ ಅನುದಾನ ಬರುವಾಗ ವರ್ಷ ಮುಗಿದಿರುತ್ತದೆ. ಹೀಗಿರುವಾಗ ಸಂಸ್ಥೆಯವರು ಪೋಷಕರ ಕಡೆ ತಿರುಗುವುದು ಸಹಜ. ಅವರ ಲೆಕ್ಕವನ್ನೇ ಕೂತು ಹಾಕಿ ನೋಡೋಣ. 10 ಲಕ್ಷಕ್ಕೆ ಶೇಕಡಾ 7ರ ಬಡ್ಡಿ ಎಂದಿಟ್ಟುಕೊಂಡರೂ ತಿಂಗಳಿಗೆ ಆರು ಸಾವಿರ ರೂಪಾಯಿ ಬರುವುದಿಲ್ಲ. ಇಂದೇ ಅದು ಒಬ್ಬ ವ್ಯಕ್ತಿಯ ಊಟ, ಔಷಧ, ಆರೈಕೆಗೆ ಸಾಲದು. ಇಪ್ಪತ್ತು ವರ್ಷಗಳ ನಂತರದ ಬೆಲೆಯಲ್ಲಿ ಕೇಳುವುದೇ ಬೇಡ. ಅಂದರೆ ನಿಮ್ಮ ಮಗನ ಖರ್ಚು ನಡೆಯಬೇಕಾದರೆ ಮುಂದಿನ ವರ್ಷ ಇನ್ನೊಂದು ಕುಟುಂಬ 10 ಲಕ್ಷ ತರಬೇಕು, ಅದರ ಮುಂದಿನ ವರ್ಷ ಮತ್ತೊಂದು. ಹೊಸ ಕುಟುಂಬಗಳು ಬರುವುದು ನಿಂತ ವರ್ಷ, ಅಥವಾ ಸಂಸ್ಥೆಯನ್ನು ಕಟ್ಟಿದ ಆ ಹಿರಿಯರು ತೀರಿಕೊಂಡ ವರ್ಷ, ಯಾರೂ ಮೋಸ ಮಾಡದೆಯೇ ವಾಗ್ದಾನ ಕುಸಿಯುತ್ತದೆ. ನೋಂದಣಿ ರದ್ದಾದ ಸಂಸ್ಥೆ ಮುಂದೆ ನಡೆಯುವಂತಿಲ್ಲ, ಅಲ್ಲಿದ್ದವರನ್ನು ಪೋಷಕರಿಗೋ ಬೇರೆ ಸಂಸ್ಥೆಗೋ ಒಪ್ಪಿಸಬೇಕಾಗುತ್ತದೆ. ಆ ದಿನ ನಿಮ್ಮ ಮಗನ ಕೈಯಲ್ಲಿ ಅವನ ಹಣವೇನಾದರೂ ಉಳಿದಿರುತ್ತದೆಯೇ ಎಂಬುದೇ ನನ್ನ ಚಿಂತೆ.

ಕಾಲದ ವಿಷಯದಲ್ಲಿಯೂ ಒಂದು ಹಳೆಯ ನಂಬಿಕೆಯನ್ನು ಬಿಡಬೇಕು. ಇಂಥವರು ಹೆಚ್ಚು ದಿನ ಬದುಕುವುದಿಲ್ಲ ಎಂದು ಹಿಂದೆ ವೈದ್ಯರೇ ಹೇಳುತ್ತಿದ್ದರು. ಅಮೆರಿಕದಲ್ಲಿ 1983ರ ಸುಮಾರಿಗೆ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯುಷ್ಯ 25 ವರ್ಷದಷ್ಟಿತ್ತು, ಹೃದಯದ ಶಸ್ತ್ರಚಿಕಿತ್ಸೆ ಮತ್ತು ಉತ್ತಮ ಆರೈಕೆಯಿಂದ ಈಗ ಅದು 60ರ ಹತ್ತಿರ ಬಂದಿದೆ. ನಮ್ಮಲ್ಲಿಯೂ 50 ದಾಟಿದವರನ್ನು ನಾನು ಈಗ ಕಾಣುತ್ತಿದ್ದೇನೆ. ಆದ್ದರಿಂದ ನೀವು ಇನ್ನೂ 25 ಅಥವಾ 30 ವರ್ಷಗಳಿಗೆ ಯೋಜನೆ ಮಾಡಬೇಕು. ಅವರಿಗೆ ಥೈರಾಯ್ಡ್ ಕೊರತೆ, ಶ್ರವಣದೋಷ, ಕಣ್ಣಿನ ಪೊರೆ ಹೆಚ್ಚು, ಮರೆವಿನ ಕಾಯಿಲೆಯೂ ಇತರರಿಗಿಂತ ಬಹಳ ಮೊದಲೇ, ಕೆಲವರಿಗೆ ನಲವತ್ತರ ಕೊನೆಯಲ್ಲಿ ಅಥವಾ ಐವತ್ತರಲ್ಲಿ ಕಾಣಿಸಿಕೊಳ್ಳುತ್ತದೆ. ಸಂಸ್ಥೆಯ ನಿಯಮಾವಳಿಯನ್ನು ತರಿಸಿ ಓದುವಾಗ ಒಂದು ಸಾಲನ್ನು ಹುಡುಕಿ: 'ತನ್ನ ದೈನಂದಿನ ಕೆಲಸಗಳನ್ನು ತಾನೇ ಮಾಡಿಕೊಳ್ಳಬಲ್ಲವರಿಗೆ ಮಾತ್ರ ಪ್ರವೇಶ.' ಇಂದು ನಿಮ್ಮ ಮಗ ಅದರಲ್ಲಿ ಸೇರುತ್ತಾನೆ. ಸ್ನಾನಕ್ಕೆ ಇನ್ನೊಬ್ಬರ ಕೈ ಬೇಕಾದ ದಿನ ಅವನನ್ನು ಇಟ್ಟುಕೊಳ್ಳುತ್ತಾರೆಯೇ ಎಂದು ಲಿಖಿತವಾಗಿ ಕೇಳಿ. ಜೀವಮಾನ ಎಂಬ ಮಾತಿನ ನಿಜವಾದ ಅರ್ಥ ಆ ಉತ್ತರದಲ್ಲಿರುತ್ತದೆ.

ಈಗ ನಿಮ್ಮ ಪತ್ನಿಯವರ ಹಟದ ಬಗ್ಗೆ. ನೀವು ಅದನ್ನು ಹಟ ಎಂದು ಬರೆದಿದ್ದೀರಿ. ಮಗನನ್ನು ನಿಮ್ಮಿಬ್ಬರಲ್ಲಿ ಹೆಚ್ಚು ಬಲ್ಲವರು ಅವರೇ ಇರಬಹುದು. ಒಂದು ಘಟನೆ ಹೇಳುತ್ತೇನೆ. ತಾಯಿ ತೀರಿಕೊಂಡ ಮೇಲೆ ಒಬ್ಬ ಯುವಕನನ್ನು ಒಂದು ವಸತಿ ಕೇಂದ್ರಕ್ಕೆ ಸೇರಿಸಿದ್ದರು. ಎರಡು ತಿಂಗಳಲ್ಲಿ ಎಂಟು ಕಿಲೋ ತೂಕ ಇಳಿದಿತ್ತು. ಊಟ ಬಿಟ್ಟಿದ್ದಾನೆ, ತಾಯಿಯ ಕೊರಗು, ಮಾತ್ರೆ ಶುರು ಮಾಡೋಣ ಎಂದು ಅಲ್ಲಿಯವರು ಯೋಚಿಸುತ್ತಿದ್ದರು. ನಾನು ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ ಕುಳಿತೆ. ಬಡಿಸುವವರು ಕೆಲಸ ಬೇಗ ಮುಗಿಯಲೆಂದು ತಟ್ಟೆಯಲ್ಲಿ ಅನ್ನ, ಸಾರು, ಮೊಸರು ಎಲ್ಲವನ್ನೂ ಒಮ್ಮೆಗೇ ಇಟ್ಟುಕೊಂಡು ಹೋಗುತ್ತಿದ್ದರು. ಆ ಹುಡುಗ ಮೊಸರು ಕಂಡ ಕೂಡಲೇ ಎರಡು ತುತ್ತು ಉಂಡು, ಕೈ ತೊಳೆದು ಎದ್ದುಬಿಟ್ಟ. ಮೂವತ್ತು ವರ್ಷ ಅವನ ಮನೆಯಲ್ಲಿ ಮೊಸರು ಬಂತೆಂದರೆ ಊಟ ಮುಗಿಯಿತು ಎಂದು ಅರ್ಥ. ಮೊಸರನ್ನು ಕೊನೆಯಲ್ಲಿ ಬಡಿಸಲು ಆರಂಭಿಸಿದ ಮೇಲೆ ಅವನು ಮೊದಲಿನಂತೆ ಊಟ ಮಾಡಿದ. ಆ ತಾಯಿಗೆ ಗೊತ್ತಿದ್ದ ಈ ಒಂದು ಸಂಗತಿ ಯಾವ ವೈದ್ಯಕೀಯ ದಾಖಲೆಯಲ್ಲಿಯೂ ಇರಲಿಲ್ಲ.

ಆದ್ದರಿಂದ ಕಾನೂನಿನ ಕಾಗದಗಳಿಗೂ ಮೊದಲು ನಿಮ್ಮ ಪತ್ನಿ ಒಂದು ನೋಟ್ ಪುಸ್ತಕ ಬರೆಯಲಿ, ಅಥವಾ ಅವರು ಹೇಳುತ್ತಾ ಹೋಗಲಿ, ನೀವು ಬರೆದುಕೊಳ್ಳಿ. ಬೆಳಿಗ್ಗೆ ಯಾವ ಲೋಟದಲ್ಲಿ ಕಾಫಿ, ಹೊಟ್ಟೆನೋವು ಬಂದಾಗ ಅದನ್ನು ಯಾವ ಮಾತಿನಲ್ಲಿ ಹೇಳುತ್ತಾನೆ, ಗುಡುಗಿಗೆ ಹೆದರುತ್ತಾನೆಯೇ, ಡೈರಿಯಲ್ಲಿ ಯಾರ ಜೊತೆ ಮಾತನಾಡುತ್ತಾನೆ, ಸಿಟ್ಟು ಬಂದಾಗ ಯಾರು ಕರೆದರೆ ಬರುತ್ತಾನೆ ಎಂಬುದೆಲ್ಲವೂ ಅದರಲ್ಲಿರಲಿ. ಪ್ರತಿ ವರ್ಷ ಅದನ್ನು ತಿದ್ದಿ ಒಂದು ಪ್ರತಿ ಮಗಳಿಗೆ ಕೊಡಿ.

ವಾಸಕ್ಕೆ ಸಂಬಂಧಿಸಿ ನಿಮ್ಮ ಮುಂದೆ ಇರುವ ದಾರಿಗಳನ್ನು ನೋಡೋಣ. ನಿಮ್ಮಿಬ್ಬರಿಗೂ ಕೈಲಾಗುವವರೆಗೆ ಅವನು ಮನೆಯಲ್ಲೇ ಇದ್ದು, ಹಗಲು ಹೊತ್ತಿನ ಕೇಂದ್ರಕ್ಕೆ ಹೋಗಿ ಬರುವುದು ಅವನಿಗೆ ಅತ್ಯಂತ ಹಿತ. ತಾಲ್ಲೂಕು ಕೇಂದ್ರಗಳಲ್ಲಿ ಅಂಥ ಕೇಂದ್ರ ಸಿಗುವುದು ಕಷ್ಟ ಎಂಬುದು ನನಗೆ ತಿಳಿದಿದೆ. ನಿಮ್ಮ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಭೇಟಿಯಾಗಿ. ನಿಮ್ಮಂಥ ಕುಟುಂಬಗಳು ಎಷ್ಟಿವೆ ಎಂಬುದು ಅವರಿಗೆ ಗೊತ್ತಿರುತ್ತದೆ, ನಾಲ್ಕೈದು ಕುಟುಂಬಗಳು ಸೇರಿದರೆ ಒಂದು ಬಾಡಿಗೆ ಮನೆಯಲ್ಲಿ ಹಗಲು ಕೇಂದ್ರ ಆರಂಭವಾದದ್ದನ್ನು ನಾನು ಕಂಡಿದ್ದೇನೆ. ಈ ದಾರಿಯ ಅಪಾಯವೆಂದರೆ ಅದು ಒಂದು ದಿನ ಇದ್ದಕ್ಕಿದ್ದಂತೆ ಮುಗಿಯುತ್ತದೆ. ತಾಯಿ ಬಿದ್ದು ಸೊಂಟ ಮುರಿದುಕೊಂಡ ರಾತ್ರಿ ಮಗನನ್ನು ಎಲ್ಲಿಗೋ ಸಾಗಿಸಬೇಕಾಗುತ್ತದೆ, ಅಂಥ ಸಾಗಾಟವೇ ಇವರಿಗೆ ಅತಿ ಹೆಚ್ಚು ಆಘಾತ ಕೊಡುತ್ತದೆ. ಮೂವತ್ತನಾಲ್ಕು ವರ್ಷ ಒಂದು ರಾತ್ರಿಯೂ ಅಮ್ಮನನ್ನು ಬಿಟ್ಟಿರದವನಿಗೆ ಒಂದೇ ದಿನ ಅಮ್ಮನೂ ಮನೆಯೂ ಇಲ್ಲವಾಗಬಾರದು.

ಮಗಳ ಮನೆ ಇನ್ನೊಂದು ದಾರಿ. ಅವಳನ್ನು ನೀವು ಕೇಳಿದ್ದೀರಾ? ಪತ್ರದಲ್ಲಿ ಅವಳಿಗೂ ಸಂಸಾರವಿದೆ ಎಂದು ಬರೆದು ಮುಂದೆ ಹೋಗಿದ್ದೀರಿ. ಒಡಹುಟ್ಟಿದವರನ್ನು ಕೇಳದೆಯೇ ಅವರ ಪರವಾಗಿ ಬೇಡ ಎನ್ನುವ, ಅಥವಾ ಕೇಳದೆಯೇ ಹೊಣೆ ಹೊರಿಸುವ ತಂದೆತಾಯಿಗಳು ಬಹಳ. ಅವಳನ್ನೂ ಅಳಿಯಂದಿರನ್ನೂ ಕೂರಿಸಿಕೊಂಡು ಮಾತನಾಡಿ. ತಮ್ಮನನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಒಂದು ಹೊಣೆ, ಅವನು ಎಲ್ಲಿದ್ದರೂ ಅವನ ಬಗ್ಗೆ ಕೇಳುವ ಹಕ್ಕುಳ್ಳ ಪಾಲಕಿಯಾಗುವುದು ಬೇರೆಯೇ ಹೊಣೆ. ಮೊದಲನೆಯದಕ್ಕೆ ಆಗದು ಎಂದವರು ಎರಡನೆಯದನ್ನು ಸಂತೋಷದಿಂದ ಒಪ್ಪಿದ್ದನ್ನು ಅನೇಕ ಸಲ ಕಂಡಿದ್ದೇನೆ.

ಮೂರನೆಯದು ವಸತಿ ಸಂಸ್ಥೆ ಅಥವಾ ಏಳೆಂಟು ಜನ ಒಟ್ಟಿಗಿರುವ ಗುಂಪುಮನೆ, ಮಾಸಿಕ ಶುಲ್ಕದ ಆಧಾರದಲ್ಲಿ. ನ್ಯಾಷನಲ್ ಟ್ರಸ್ಟ್‌ನ ಘರೌಂದಾ ಯೋಜನೆ ಇಂಥ ಮನೆಗಳಿಗೆಂದೇ ಬಂದದ್ದು, ಅಲ್ಪಕಾಲ ಇರಿಸಿ ಕುಟುಂಬಕ್ಕೆ ಬಿಡುವು ಕೊಡಲು ಸಮರ್ಥ್ ಯೋಜನೆ ಬಂದಿತ್ತು, ಈಗ ಎರಡನ್ನೂ ಒಂದೇ ಯೋಜನೆಯಾಗಿ ಸೇರಿಸಿದ್ದಾರೆ. ನಿಮಗೆ ನಾನು ಸೂಚಿಸುವುದು ಈ ಬಿಡುವಿನ ವಾಸದಿಂದ ಆರಂಭಿಸಿ ಎಂದು. ಮೊದಲು ಮೂರು ದಿನ, ನಂತರ ವಾರ, ಆಮೇಲೆ ಹದಿನೈದು ದಿನ, ನೀವಿಬ್ಬರೂ ಇರುವಾಗಲೇ. ಅವನು ಹಿಂದಿರುಗಿದಾಗ ಬ್ಯಾಗಿನಲ್ಲಿರುವುದು ಅವನದೇ ಬಟ್ಟೆಯೇ ಎಂದು ನೋಡಿ. ಸಂಸ್ಥೆಗೆ ಹೇಳದೆ ಸಂಜೆ ಏಳರ ಹೊತ್ತಿಗೆ ಒಮ್ಮೆ ಹೋಗಿ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಸಂಸ್ಥೆಗಳೂ ಚೆನ್ನಾಗಿಯೇ ಕಾಣುತ್ತವೆ. ಹಲ್ಲುಜ್ಜುವ ಬ್ರಷ್‌ಗಳ ಮೇಲೆ ಹೆಸರಿದೆಯೇ, ಶೌಚಾಲಯದ ಬಾಗಿಲು ಮುಚ್ಚುತ್ತದೆಯೇ, ರಾತ್ರಿ ಎಷ್ಟು ಜನರಿಗೆ ಎಷ್ಟು ಸಿಬ್ಬಂದಿ, ಔಷಧಿ ಕೊಟ್ಟದ್ದನ್ನು ಯಾರು ಬರೆದಿಡುತ್ತಾರೆ ಎಂದು ಗಮನಿಸಿ. ಅಲ್ಲಿರುವವರು ನಿಮ್ಮನ್ನು ಕಂಡು ಏನು ಮಾಡುತ್ತಾರೆ ಎಂಬುದನ್ನೂ ನೋಡಿ: ಎಲ್ಲರೂ ಬಂದು ಕೈ ಹಿಡಿದು ಜೋತುಬಿದ್ದರೆ ಅವರ ಮನೆಯವರು ಬಂದು ಬಹಳ ದಿನಗಳಾಗಿವೆ ಎಂದು ನಾನು ತಿಳಿಯುತ್ತೇನೆ. ಹಳೆಯ ನಿವಾಸಿಗಳ ಪೈಕಿ ಎರಡು ಕುಟುಂಬಗಳ ಜೊತೆ ಸಂಸ್ಥೆಯವರು ಹತ್ತಿರವಿಲ್ಲದಾಗ ಮಾತನಾಡಿ.

ಇನ್ನು ಹಣ. ನಿಮಗೆ ಗೊತ್ತಿಲ್ಲದೆ ಇರಬಹುದಾದ ಒಂದು ದೊಡ್ಡ ಆಧಾರ ನಿಮ್ಮ ಪಿಂಚಣಿಯಲ್ಲೇ ಇದೆ. ದುಡಿದು ಬದುಕಲಾಗದ ಅಂಗವೈಕಲ್ಯವಿರುವ ಮಗನಿಗೆ, ನಿಮ್ಮ ಮತ್ತು ನಿಮ್ಮ ಪತ್ನಿಯವರ ನಂತರ, ವಯಸ್ಸಿನ ಮಿತಿಯಿಲ್ಲದೆ ಕುಟುಂಬ ಪಿಂಚಣಿ ಪಡೆಯುವ ಅವಕಾಶ ರಾಜ್ಯ ಸರ್ಕಾರಿ ನೌಕರರ ಕುಟುಂಬ ಪಿಂಚಣಿ ನಿಯಮಗಳಲ್ಲಿದೆ. ಆದರೆ ಅವನ ಹೆಸರು ಮತ್ತು ವೈದ್ಯಕೀಯ ಪ್ರಮಾಣಪತ್ರ ನಿಮ್ಮ ಪಿಂಚಣಿ ದಾಖಲೆಗಳಿಗೆ ನೀವು ಬದುಕಿರುವಾಗಲೇ ಸೇರಬೇಕು. ತಂದೆ ತೀರಿಕೊಂಡ ಮೇಲೆ ಅಕ್ಕಂದಿರು ಕಚೇರಿಯಿಂದ ಕಚೇರಿಗೆ ವರ್ಷಗಟ್ಟಲೆ ಅಲೆದದ್ದನ್ನು ನಾನು ನೋಡಿದ್ದೇನೆ. ನೀವು ನಿವೃತ್ತರಾದ ಕಚೇರಿಗೆ ಈ ವಾರವೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೂ ನೋಂದಾಯಿಸಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಮೊದಲಿನಿಂದ ಇರುವ ಕಾಯಿಲೆ ಎಂದು ತಿರಸ್ಕರಿಸುವುದಿಲ್ಲ, ಸೇರುವ ಮುನ್ನ ವೈದ್ಯಕೀಯ ಪರೀಕ್ಷೆಯೂ ಇಲ್ಲ.

ಮನೆಗೆ ಸಂಬಂಧಿಸಿ ನನ್ನ ಸಲಹೆ, ಅದನ್ನು ನಿಮ್ಮ ಮತ್ತು ಪತ್ನಿಯವರ ಜೀವಿತಾವಧಿಯಲ್ಲಿ ಯಾರಿಗೂ ವರ್ಗಾಯಿಸಬೇಡಿ. ಮಗನೊಬ್ಬನನ್ನೇ ಫಲಾನುಭವಿಯಾಗಿ ಇಟ್ಟುಕೊಂಡು 1882ರ ಭಾರತೀಯ ನ್ಯಾಸಗಳ ಕಾಯ್ದೆಯಡಿ ಒಂದು ಖಾಸಗಿ ಟ್ರಸ್ಟ್ ಮಾಡಿ. ಮೂವರು ಟ್ರಸ್ಟಿಗಳಿರಲಿ: ಮಗಳು, ನಿಮಗಿಂತ ಕಿರಿಯರಾದ ನಂಬಿಕಸ್ಥ ಬಂಧು ಅಥವಾ ಹಳೆಯ ಶಿಷ್ಯರೊಬ್ಬರು, ಲೆಕ್ಕಪತ್ರ ಬಲ್ಲ ಮತ್ತೊಬ್ಬರು. ಒಬ್ಬರು ತೀರಿಕೊಂಡರೆ ಉಳಿದವರು ಹೊಸಬರನ್ನು ಸೇರಿಸಿಕೊಳ್ಳುವ ವಿಧಾನ ಪತ್ರದಲ್ಲೇ ಇರಬೇಕು. ಸಂಸ್ಥೆಗೆ ಕೊಡಬೇಕೆಂದಿದ್ದ 10 ಲಕ್ಷವನ್ನು ಈ ಟ್ರಸ್ಟ್‌ಗೆ ಹಾಕಿ ಈಗಲೇ ಚಾಲನೆ ಕೊಡಿ. ಮನೆಯನ್ನು ಉಯಿಲಿನ ಮೂಲಕ ನಿಮ್ಮಿಬ್ಬರ ನಂತರ ಟ್ರಸ್ಟ್‌ಗೆ ಸೇರುವಂತೆ ಬರೆಯಿರಿ. ಈಗಲೇ ವರ್ಗಾಯಿಸಿದರೆ ಮುದ್ರಾಂಕ ಶುಲ್ಕ ಬೀಳುತ್ತದೆ, ಉಯಿಲಿಗೆ ಅದಿಲ್ಲ, ಬದುಕಿರುವವರೆಗೆ ಅದನ್ನು ಬದಲಾಯಿಸಲೂಬಹುದು. ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಕಾನೂನು ಕಡ್ಡಾಯ ಮಾಡದಿದ್ದರೂ ನೋಂದಣಿ ಮಾಡಿಸಿ. ಅಡಿಕೆ ತೋಟದಲ್ಲಿ ಮಗನ ಪಾಲು ಯಾವುದು ಎಂಬುದನ್ನು ನೀವಿರುವಾಗಲೇ ಮಗಳ ಒಪ್ಪಿಗೆಯೊಂದಿಗೆ ಕಾಗದದಲ್ಲಿ ನಿಶ್ಚಯಿಸುವುದು ಒಳ್ಳೆಯದು, ಅದಕ್ಕೂ ತೆರಿಗೆಯ ವಿವರಗಳಿಗೂ ಸ್ಥಳೀಯ ವಕೀಲರು ಮತ್ತು ಲೆಕ್ಕ ಪರಿಶೋಧಕರ ನೆರವು ಬೇಕು.

ಈ ವ್ಯವಸ್ಥೆಯಲ್ಲಿ ಟ್ರಸ್ಟ್ ಸಂಸ್ಥೆಗೆ ತಿಂಗಳು ತಿಂಗಳೂ ಶುಲ್ಕ ಕೊಡುತ್ತದೆ, ಆರೈಕೆ ಕೆಟ್ಟರೆ ಹಣ ನಿಲ್ಲಿಸಿ ಬೇರೆ ಕಡೆ ಸೇರಿಸುತ್ತದೆ. ಮಗನ ನಂತರ ಉಳಿದದ್ದು ಸೇವಾ ಸಂಸ್ಥೆಗೆ ಸೇರಲಿ ಎಂದು ನಿಮಗೆ ಆಸೆಯಿದ್ದರೆ ಅದು ಒಳ್ಳೆಯ ಆಸೆ. ಆದರೆ ಆ ಸಂಸ್ಥೆಯ ಹೆಸರನ್ನು ಈಗಲೇ ಬರೆಯಬೇಡಿ. ಅವನನ್ನು ಕೊನೆಯವರೆಗೆ ಚೆನ್ನಾಗಿ ನೋಡಿಕೊಂಡವರು ಯಾರೆಂದು ಕಂಡ ಟ್ರಸ್ಟಿಗಳು ಆಗ ನಿರ್ಧರಿಸಲಿ. ಅವನಿಗಾಗಿ ಕಡಿಮೆ ಖರ್ಚು ಮಾಡಿದಷ್ಟೂ ತನಗೆ ಹೆಚ್ಚು ಉಳಿಯುತ್ತದೆ ಎಂಬ ಸ್ಥಿತಿಯಲ್ಲಿ ಅವನ ಆರೈಕೆ ಮಾಡುವವರನ್ನು ಇಡುವುದು ಯಾರಿಗೂ ಹಿತವಲ್ಲ. ಇದೇ ಕಾರಣಕ್ಕೆ ಸಂಸ್ಥೆಯನ್ನೇ ಪಾಲಕರನ್ನಾಗಿ ಮಾಡುವ ಅವಕಾಶ ಕಾಯ್ದೆಯಲ್ಲಿದ್ದರೂ, ಸಂಬಂಧಿಕರು ಯಾರೂ ಇಲ್ಲದಿದ್ದಾಗ ಮಾತ್ರ ಅದನ್ನು ಬಳಸಬೇಕೆಂಬುದು ನನ್ನ ಅಭಿಪ್ರಾಯ. ಸ್ಥಳೀಯ ಮಟ್ಟದ ಸಮಿತಿಗೆ ಈಗ ಅರ್ಜಿ ಕೊಡುವಾಗ ನಿಮ್ಮ ಜೊತೆಗೆ ಮಗಳ ಹೆಸರನ್ನೂ ಸೇರಿಸಲು ಸಾಧ್ಯವೇ ಎಂದು ಕೇಳಿ. ಸಮಿತಿ ನಿಮ್ಮ ಮಗನನ್ನು ಕರೆಸಿ ಮಾತನಾಡಿಸಿದರೆ ಬೇಸರಪಡಬೇಡಿ. ಯಾರ ಜೊತೆ ಇರಲು ಇಷ್ಟ ಎಂದು ಅವನು ಹೇಳಬಲ್ಲ. ದಿನವೂ ಡೈರಿಗೆ ಹೋಗಿ ಹಾಲು ತರುವವನಿಗೆ ತನ್ನ ಊರು, ತನ್ನ ಜನ ಯಾರು ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ನಾವು ಇಷ್ಟೆಲ್ಲ ಮಾತನಾಡಿದರೂ ಅವನನ್ನು ಯಾರೂ ಕೇಳಿದಂತೆ ನಿಮ್ಮ ಪತ್ರದಲ್ಲಿ ಕಾಣಲಿಲ್ಲ.

ಮಾರ್ಚ್ ಅಂತ್ಯದ ಗಡುವಿನ ಬಗ್ಗೆ ಹೆದರಬೇಡಿ. ಮೂವತ್ತು ವರ್ಷಗಳ ಹೊಣೆಯನ್ನು ಮೂರು ವಾರಗಳಲ್ಲಿ ನಿರ್ಧರಿಸಿ ಎನ್ನುವುದು ಆರ್ಥಿಕ ವರ್ಷದ ಲೆಕ್ಕಕ್ಕೆ ಅನುಕೂಲ, ನಿಮ್ಮ ಮಗನಿಗಲ್ಲ. ಸಂಸ್ಥೆಯವರಿಗೆ ವಿನಯವಾಗಿಯೇ ಒಂದು ಪತ್ರ ಬರೆಯಿರಿ: ದಾನಪತ್ರ ಸದ್ಯಕ್ಕೆ ಸಾಧ್ಯವಿಲ್ಲ, ಮಗನನ್ನು ಶುಲ್ಕ ಕೊಟ್ಟು ಹದಿನೈದು ದಿನ ಕಳುಹಿಸಲು ಸಿದ್ಧ, 2016ರ ಕಾಯ್ದೆಯಡಿಯ ನೋಂದಣಿ ಪ್ರಮಾಣಪತ್ರದ ಪ್ರತಿ, ಕಳೆದ ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿ ಮತ್ತು ಸ್ವಂತ ಕೆಲಸ ಮಾಡಿಕೊಳ್ಳಲಾಗದ ಸ್ಥಿತಿ ಬಂದವರನ್ನು ಇಟ್ಟುಕೊಳ್ಳುವ ಬಗ್ಗೆ ನಿಯಮವನ್ನು ದಯವಿಟ್ಟು ಕಳುಹಿಸಿ ಎಂದು. ಅವರ ಉತ್ತರ ಬಂದ ಮೇಲೆ ಅದರ ಪ್ರತಿಯನ್ನು ನನಗೆ ಕಳುಹಿಸಿದರೆ ಮುಂದಿನ ಹೆಜ್ಜೆಯನ್ನು ಒಟ್ಟಿಗೆ ಯೋಚಿಸೋಣ.